ರೂಟರ್ ಬದಲಾದಾಗ ನಿಂತುಹೋಗುವ ಮಳೆ ಲೆಕ್ಕ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯಲ್ಲಿ ತಾಮ್ರದ ತಂತಿಯ ಇಂಟರ್ನೆಟ್ ಹೋಗಿ ಫೈಬರ್ ಬಂದಿದೆ. ಹಳೆಯ ರೂಟರ್ ಕಳಚಿಕೊಂಡು, ಹೊಸದನ್ನು ಗೋಡೆಗೆ ಜಡಿದು ಹೋದರು. ವೇಗ ಹೆಚ್ಚಿದೆ, ಬಿಲ್ಲು ತುಸು ಇಳಿದಿದೆ, ಮೊಮ್ಮಗಳ ಪಾಠ ನಡುವೆ ನಿಲ್ಲುವುದಿಲ್ಲ. ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಈ ಬದಲಾವಣೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ಕಡಿದುಹೋಗುವ ಒಂದು ಕೊಂಡಿಯ ಬಗ್ಗೆ. ಮಾಳಿಗೆಯ ಮೇಲಿನ ನನ್ನ ಹವಾಮಾನ ಕೇಂದ್ರ ಅಂದಿನಿಂದ ಹೊರಜಗತ್ತಿಗೆ ಮೂಕವಾಯಿತು. ಇಂಥ ಯಂತ್ರ ಇಟ್ಟುಕೊಂಡ ರೈತರು, ವ್ಯಾಪಾರಿಗಳು, ಶಿಕ್ಷಕರು ಮಾನ್ವಿ, ಸಿಂಧನೂರು, ಲಿಂಗಸುಗೂರು ಕಡೆಗೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರ ಮನೆಗೂ ಇಂದಲ್ಲ ನಾಳೆ ಹೊಸ ರೂಟರ್ ಬರುವುದೇ. ಅದಕ್ಕಾಗಿ ಈ ಪತ್ರ. ಉದ್ದವಾದರೆ ಕ್ಷಮೆಯಿರಲಿ, ಕತ್ತರಿಸುವುದಾದರೆ ದಯವಿಟ್ಟು ಕೊನೆಯ ಭಾಗವನ್ನು ಉಳಿಸಿಕೊಳ್ಳಿ.

ನಾನು ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು, ಹಳಬರ ಮಾತಿನಲ್ಲಿ ಮುನೀಮ. ಲೆಕ್ಕಿಗನಿಗೆ ಗಾಳಿ ಮಳೆಯ ಉಸಾಬರಿ ಏಕೆ ಎನ್ನುವವರು ಅಕ್ಟೋಬರ್ ತಿಂಗಳಲ್ಲಿ ಒಮ್ಮೆ ನಮ್ಮ ಅಂಗಳ ನೋಡಬೇಕು. ಮೊದಲ ಬಿಡಿಸಿನ ಹತ್ತಿ ಟ್ರ್ಯಾಕ್ಟರುಗಳಲ್ಲಿ ಬಂದು ಬಯಲಿನಲ್ಲಿಯೇ ರಾಶಿ ಬೀಳುತ್ತದೆ. ಅದೇ ಹೊತ್ತಿಗೆ ಹಸ್ತಾ, ಚಿತ್ತಾ, ಸ್ವಾತಿ ಮಳೆಗಳ ಸರದಿ. ಈ ವ್ಯಾಪಾರವೆಲ್ಲ ತೇವಾಂಶದ ಮೇಲೆ ನಿಂತಿದೆ. ಭಾರತೀಯ ಹತ್ತಿ ನಿಗಮ ಪೂರ್ತಿ ಬೆಂಬಲ ಬೆಲೆ ಕೊಡುವುದು ತೇವಾಂಶ ಶೇ 8ರ ಒಳಗಿದ್ದರೆ. ಮೇಲೆ ಹೋದಂತೆ ಕಡಿತ. ಶೇ 12 ದಾಟಿದರೆ ಖರೀದಿಯೇ ಇಲ್ಲ. ಮಳೆ ಬೀಳಲೇಬೇಕೆಂದೂ ಇಲ್ಲ, ಗಾಳಿಯ ಆರ್ದ್ರತೆ ಏರಿದರೆ ಸಾಕು, ಹತ್ತಿ ತಾನಾಗಿ ನೀರು ಹೀರಿಕೊಳ್ಳುತ್ತದೆ. ಬೆಳಿಗ್ಗೆ ಬಂದ ಲೋಡಿಗೂ ಮಧ್ಯಾಹ್ನ ಬಂದ ಲೋಡಿಗೂ ತೇವಾಂಶದಲ್ಲಿ ಇಷ್ಟೇಕೆ ವ್ಯತ್ಯಾಸ ಎಂದು ರೈತನೂ ದಲ್ಲಾಳಿಯೂ ಜಗಳಕ್ಕೆ ನಿಂತಾಗ, ಆ ಎರಡು ಹೊತ್ತಿನ ಗಾಳಿಯ ಅಂಕಿ ನನ್ನ ಮೊಬೈಲಿನಲ್ಲಿದ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧ ಹಣದ್ದು, ಅದಕ್ಕೆ ಯಾವ ಯಂತ್ರವೂ ಇಲ್ಲ.

ಇನ್ನೊಂದು ಉಪಯೋಗವೂ ಉಂಟು. ನನ್ನ ಮನೆ ಊರಿನ ಪೂರ್ವದ ಅಂಚಿನಲ್ಲಿದೆ, ಮಿಲ್ ಪಶ್ಚಿಮಕ್ಕಿದೆ. ಹಿಂಗಾರಿನಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಮೋಡ ಅನೇಕ ಸಲ ನಮ್ಮ ಮಾಳಿಗೆಯನ್ನು ತೋಯಿಸಿಯೇ ಮಿಲ್ಲಿಗೆ ಬರುತ್ತದೆ. ಮನೆಯ ಮಳೆಮಾಪಕ ಅಲುಗಿದ್ದು ಮೊಬೈಲಿನಲ್ಲಿ ಕಂಡರೆ ತಾಡಪತ್ರಿ ಎಳೆಯಲು ಹಮಾಲರಿಗೆ ಕೆಲವು ನಿಮಿಷ ಸಿಗುತ್ತವೆ. ಆ ಕೆಲವು ನಿಮಿಷಕ್ಕೆ ಎಷ್ಟು ಕ್ವಿಂಟಲ್ ಬೆಲೆಯಿದೆ ಎಂದು ಮಾಲೀಕರಿಗೆ ಗೊತ್ತು, ಆದ್ದರಿಂದಲೇ ಯಂತ್ರದ ಅರ್ಧ ಹಣ ಅವರೇ ಕೊಟ್ಟರು.

ಯಂತ್ರವೇನೂ ದೊಡ್ಡದಲ್ಲ. ಒಂದು ಕಂಬದ ಮೇಲೆ ಗಾಳಿಯ ಬಟ್ಟಲುಗಳು, ದಿಕ್ಕು ತೋರುವ ಬಾಲ, ಬಿಳಿ ತಟ್ಟೆಗಳ ಗೂಡಿನೊಳಗೆ ಉಷ್ಣಾಂಶ ಮತ್ತು ಆರ್ದ್ರತೆಯ ಸಂವೇದಕ, ಪಕ್ಕದಲ್ಲಿ ಮಳೆಯ ಲಾಳಿಕೆ. ಲಾಳಿಕೆಯ ಕೆಳಗೆ ತೂಗುಯ್ಯಾಲೆಯಂತೆ ಅತ್ತಿತ್ತ ಬೀಳುವ ಪುಟ್ಟ ತೊಟ್ಟಿಯೊಂದಿರುತ್ತದೆ. ಒಂದು ಮಿಲಿಮೀಟರಿನ ನಾಲ್ಕನೆಯ ಅಥವಾ ಐದನೆಯ ಒಂದು ಭಾಗದಷ್ಟು ಮಳೆ ತುಂಬಿದೊಡನೆ ಅದು ಮಗುಚಿಕೊಳ್ಳುತ್ತದೆ, ಯಂತ್ರ ಎಣಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಎರೆ ಮಣ್ಣಿನ ಧೂಳು, ಸುಗ್ಗಿಯಲ್ಲಿ ಹಾರಿಬರುವ ಅರಳೆ, ವರ್ಷವಿಡೀ ಪಾರಿವಾಳಗಳ ಕೃಪೆ, ಇಷ್ಟನ್ನು ಲಾಳಿಕೆಯಿಂದ ತೆಗೆಯುತ್ತಿದ್ದರೆ ಅದು ಬಹಳ ನಂಬಿಗಸ್ತ. ಉಷ್ಣಾಂಶದ ವಿಷಯದಲ್ಲಿ ಅಷ್ಟು ನಂಬಿಕೆ ಬೇಡ. ಕಾದ ಸಿಮೆಂಟಿನ ಮಾಳಿಗೆಯ ಮೇಲೆ ನಿಂತ ಸಂವೇದಕ ಮೇ ತಿಂಗಳಲ್ಲಿ ಹೇಳುವ ಅಂಕಿಯನ್ನು ಕೆಲವರು ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುತ್ತಾರೆ, ರಾಯಚೂರು ಕುಲುಮೆಯಾಯಿತೆಂದು. ಹವಾಮಾನ ಇಲಾಖೆಯ ಉಷ್ಣಮಾಪಕ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಮರದ ಪೆಟ್ಟಿಗೆಯಲ್ಲಿ, ಬಯಲಿನಲ್ಲಿರುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುವುದು ನ್ಯಾಯವಲ್ಲ. ನಮ್ಮೂರಿನ ನಿಜವಾದ ಬಿಸಿಲೇ ಸಾಕಷ್ಟಿದೆ, ಅದಕ್ಕೆ ಕಲಬೆರಕೆ ಬೇಡ.

ಈಗ ಮುಖ್ಯ ವಿಷಯ. ರೂಟರ್ ಬದಲಾದ ಮೇಲೆ ಮಾಳಿಗೆಯ ಯಂತ್ರ ಕೆಟ್ಟಿತೆಂದು ತಿಳಿಯುವವರೇ ಹೆಚ್ಚು. ಪರಿಚಯದ ದಾಳಿಂಬೆ ಬೆಳೆಗಾರರೊಬ್ಬರು ಬ್ಯಾಟರಿ ಬದಲಿಸಿದರು, ಕಂಬ ಇಳಿಸಿದರು, ತಂತಿ ಬಿಚ್ಚಿದರು, ಕೊನೆಗೆ ಕೆಟ್ಟ ಮಾಲು ಕೊಟ್ಟರೆಂದು ಮಾರಿದವನನ್ನು ಬೈದು ಯಂತ್ರವನ್ನು ಗೋದಾಮಿನ ಮೂಲೆಗೆ ಹಾಕಿದರು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಈ ವ್ಯವಸ್ಥೆಯಲ್ಲಿ ಮೂರು ಕೊಂಡಿಗಳಿವೆ. ಮಾಳಿಗೆಯಿಂದ ಮನೆಯೊಳಗಿನ ಪರದೆಗೆ, ಅಂದರೆ ಅಂಕಿ ತೋರಿಸುವ ಪುಟ್ಟ ಸಾಧನಕ್ಕೆ, ಬರುವುದು ಬೇರೆಯದೇ ರೇಡಿಯೊ. ನನ್ನದರಲ್ಲಿ ಅದು 433 ಮೆಗಾಹರ್ಟ್ಸ್, ಹದಿನಾರು ಸೆಕೆಂಡಿಗೊಮ್ಮೆ ಅಂಕಿ ಕಳಿಸುತ್ತದೆ. ಅದಕ್ಕೂ ರೂಟರಿಗೂ ಸಂಬಂಧವೇ ಇಲ್ಲ. ಮನೆಯ ಪರದೆಯಿಂದ ರೂಟರಿಗೆ ಹೋಗುವುದು ವೈಫೈ. ರೂಟರಿನಿಂದ ಹೊರಗೆ ಹೋಗುವುದು ಫೈಬರ್. ಹೊಸ ರೂಟರ್ ಬಂದಾಗ ಕಡಿಯುವುದು ನಡುವಿನದು ಮಾತ್ರ. ಆದ್ದರಿಂದ ಮೊದಲು ನೋಡಬೇಕಾದದ್ದು ಮನೆಯೊಳಗಿನ ಪರದೆಯನ್ನು. ಅಲ್ಲಿ ಗಾಳಿಯ ವೇಗ ಬದಲಾಗುತ್ತಿದ್ದರೆ ಏಣಿ ಹತ್ತುವ ಅಗತ್ಯವಿಲ್ಲ. ಬಿಸಿಲಿನಲ್ಲಿ ಮಾಳಿಗೆ ಏರಿ ಬೀಳುವ ವಯಸ್ಸಿನವರು ಈ ಒಂದು ಮಾತನ್ನು ನೆನಪಿಟ್ಟುಕೊಂಡರೂ ಸಾಕು.

ನಡುವಿನ ಕೊಂಡಿ ಏಕೆ ಕಡಿಯುತ್ತದೆ? ಪರದೆಯ ನೆನಪಿನಲ್ಲಿ ಹಳೆಯ ವೈಫೈನ ಹೆಸರು ಮತ್ತು ಪಾಸ್‌ವರ್ಡ್ ಇವೆ. ಆ ಹೆಸರು ಈಗ ಮನೆಯಲ್ಲಿಲ್ಲ. ಅದು ಹುಡುಕುತ್ತದೆ, ಸಿಗುವುದಿಲ್ಲ, ಸುಮ್ಮನಾಗುತ್ತದೆ. ಮೊಬೈಲಿಗಾದರೆ ಹೊಸ ಪಾಸ್‌ವರ್ಡ್ ನಾವೇ ಒತ್ತುತ್ತೇವೆ. ಇದಕ್ಕೆ ಕೀಲಿಮಣೆಯೇ ಇಲ್ಲ. ಜೊತೆಗೆ ಇನ್ನೊಂದು ತೊಡಕು. ಹೊಸ ರೂಟರುಗಳು ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮನೆಬಳಕೆಯ ಹವಾಮಾನ ಯಂತ್ರಗಳಲ್ಲಿ ಹೆಚ್ಚಿನವುಗಳಿಗೆ ತಿಳಿಯುವುದು 2.4 ಮಾತ್ರ. ಅದು ಕೀಳು ಎಂದಲ್ಲ. ಅವು ಕಳಿಸುವುದು ನಾಲ್ಕಾರು ಅಂಕಿ, ವೇಗ ಕಟ್ಟಿಕೊಂಡು ಏನಾಗಬೇಕು? 2.4ರ ಅಲೆ ಗೋಡೆಗಳನ್ನು ದಾಟಿ ದೂರ ಹೋಗುತ್ತದೆ; ನಮ್ಮ ಹಳೆಯ ಮನೆಗಳ ಕಲ್ಲಿನ ಗೋಡೆಗೆ 5ರ ಅಲೆ ಬೇಗ ಸೋಲುತ್ತದೆ. ಆದರೆ ಹೊಸ ರೂಟರ್ ಎರಡೂ ಪಟ್ಟಿಗಳಿಗೆ ಒಂದೇ ಹೆಸರು ಕೊಟ್ಟು, ಯಾವ ಸಾಧನ ಎಲ್ಲಿ ಹೋಗಬೇಕೆಂದು ತಾನೇ ನಿರ್ಧರಿಸುತ್ತದೆ. ಮೊಬೈಲಿಗೆ ಅದು ಅನುಕೂಲ. ಮೊದಲ ಬಾರಿ ಜೋಡಿಸುವಾಗ ಹವಾಮಾನ ಯಂತ್ರಕ್ಕೆ ಅದೇ ಗೊಂದಲ, ಏಕೆಂದರೆ ಜೋಡಿಸುವ ಮೊಬೈಲ್ 5ರಲ್ಲಿ ಕುಳಿತಿರುತ್ತದೆ, ಯಂತ್ರ 2.4ರಲ್ಲಿ ಕಾಯುತ್ತಿರುತ್ತದೆ.

ಭದ್ರತೆಯದ್ದೂ ಒಂದು ಕಥೆ. ಹೊಸ ರೂಟರುಗಳಲ್ಲಿ ಕೆಲವು ಡಬ್ಲ್ಯುಪಿಎ3 ಎಂಬ ಹೊಸ ಬೀಗದೊಂದಿಗೆ ಬರುತ್ತವೆ. ಹಳೆಯ ಯಂತ್ರಗಳಿಗೆ ಡಬ್ಲ್ಯುಪಿಎ2 ಮಾತ್ರ ಗೊತ್ತು. ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ, ಆದರೂ ಬಾಗಿಲು ತೆರೆಯುವುದಿಲ್ಲ. ರೂಟರಿನಲ್ಲಿ ಎರಡೂ ಬೀಗಗಳನ್ನು ಒಪ್ಪುವ ಮಿಶ್ರ ಆಯ್ಕೆ ಇರುತ್ತದೆ; ಅದೂ ಕೆಲಸಕ್ಕೆ ಬಾರದಿದ್ದರೆ 2.4ಕ್ಕೆ ಡಬ್ಲ್ಯುಪಿಎ2 ಎಂದೇ ಇಡಬೇಕು. ಇನ್ನೂ ವಿಚಿತ್ರವೆಂದರೆ ತರಂಗಪಟ್ಟಿಯೊಳಗಿನ ಓಣಿಗಳ, ಅಂದರೆ ಚಾನೆಲ್‌ನ ಸಮಸ್ಯೆ. ನಮ್ಮ ದೇಶದಲ್ಲಿ 2.4ರಲ್ಲಿ 1ರಿಂದ 13ರವರೆಗಿನ ಚಾನೆಲ್‌ಗಳಿಗೆ ಅವಕಾಶವಿದೆ, ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಯಂತ್ರಗಳು ಸಾಮಾನ್ಯವಾಗಿ 11ಕ್ಕೆ ನಿಲ್ಲುತ್ತವೆ. ಹೊರದೇಶದಲ್ಲಿರುವ ಮಕ್ಕಳು ತಂದುಕೊಟ್ಟ ಯಂತ್ರವಾಗಿದ್ದು, ರೂಟರ್ ತನ್ನಷ್ಟಕ್ಕೆ 12ನ್ನೋ 13ನ್ನೋ ಆರಿಸಿಕೊಂಡಿದ್ದರೆ, ಆ ಯಂತ್ರದ ಪಾಲಿಗೆ ಮನೆಯಲ್ಲಿ ವೈಫೈಯೇ ಇಲ್ಲ. ಚಾನೆಲ್ಲನ್ನು 1, 6 ಅಥವಾ 11 ಎಂದು ಕೈಯಿಂದ ನಿಗದಿ ಮಾಡಿದರೆ ಮಾಯವಾದದ್ದು ಪ್ರತ್ಯಕ್ಷವಾಗುತ್ತದೆ. ಹೆಸರಿನ ಬಗ್ಗೆಯೂ ಒಂದು ಎಚ್ಚರಿಕೆ: ನನ್ನ ಮಗ ಅಭಿಮಾನದಿಂದ ವೈಫೈಗೆ ಕನ್ನಡ ಲಿಪಿಯಲ್ಲಿ ಹೆಸರಿಟ್ಟಿದ್ದ. ಮೊಬೈಲುಗಳು ಓದಿದವು, ಹವಾಮಾನ ಯಂತ್ರ ಅದನ್ನು ಚೌಕಗಳ ಸಾಲಾಗಿ ತೋರಿಸಿ ಕೈಚೆಲ್ಲಿತು. ಕನ್ನಡ ಓದಲಾಗದ ಯಂತ್ರವನ್ನು ಕನ್ನಡನಾಡಿನಲ್ಲಿ ಮಾರುವವರಿಗೆ ಬರೆಯಬೇಕಾದ ಪತ್ರ ಬೇರೆಯೇ ಇದೆ.

ಮತ್ತೆ ಜೋಡಿಸುವ ವಿಧಾನ ಹೀಗೆ. ಪರದೆಯ ಹಿಂದಿನ ಅಥವಾ ಪಕ್ಕದ ಗುಂಡಿಯನ್ನು, ಕೆಲವು ಮಾದರಿಗಳಲ್ಲಿ ಎರಡು ಗುಂಡಿಗಳನ್ನು ಒಟ್ಟಿಗೆ, ವೈಫೈ ಚಿಹ್ನೆ ಮಿಟುಕುವವರೆಗೆ ಒತ್ತಿ ಹಿಡಿಯಬೇಕು. ಆಗ ಯಂತ್ರವೇ ಒಂದು ತಾತ್ಕಾಲಿಕ ವೈಫೈ ತೆರೆಯುತ್ತದೆ. ಮೊಬೈಲನ್ನು ಅದಕ್ಕೆ ಸೇರಿಸಬೇಕು. ಇಲ್ಲಿ ಬಹಳ ಜನ ಸೋಲುವುದು. ಆ ವೈಫೈಯಲ್ಲಿ ಇಂಟರ್ನೆಟ್ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಮೊಬೈಲ್ ಅತಿಬುದ್ಧಿ ತೋರಿ, ಇಲ್ಲಿ ಇಂಟರ್ನೆಟ್ ಇಲ್ಲವೆಂದು ಹೇಳದೆ ಕೇಳದೆ ಸಿಮ್ಮಿನ ಡೇಟಾಕ್ಕೆ ಜಿಗಿದುಬಿಡುತ್ತದೆ. ಆದ್ದರಿಂದ ಮೊದಲೇ ಮೊಬೈಲ್ ಡೇಟಾ ಆರಿಸಿರಬೇಕು, ಇದೇ ಸಂಪರ್ಕದಲ್ಲಿ ಇರಲೇ ಎಂದು ಕೇಳಿದರೆ ಹೌದೆನ್ನಬೇಕು. ಆ್ಯಪ್ ಇದ್ದರೆ ಅದು ಸ್ಥಳದ ಅನುಮತಿ ಕೇಳುತ್ತದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಸುತ್ತಲಿನ ವೈಫೈ ಹುಡುಕಲು ಆ ಅನುಮತಿ ಬೇಕಾಗುತ್ತದೆ, ನಮ್ಮ ಮನೆಯ ಗುಟ್ಟು ಇವರಿಗೇಕೆ ಎಂದು ಬೇಡವೆಂದರೆ ಪಟ್ಟಿಯೇ ಖಾಲಿ ಕಾಣುತ್ತದೆ. ಕೆಲಸ ಮುಗಿದ ಮೇಲೆ ಅನುಮತಿ ಹಿಂತೆಗೆದುಕೊಳ್ಳಬಹುದು. ಆ್ಯಪ್ ಇಲ್ಲದಿದ್ದರೆ ಬ್ರೌಸರಿನಲ್ಲಿ ಯಂತ್ರದ ಕೈಪಿಡಿಯಲ್ಲಿರುವ ವಿಳಾಸ ಒತ್ತಬೇಕು. ಹಲವು ಮಾದರಿಗಳಿಗೆ ಅದು 192.168.4.1. ತೆರೆಯುವ ಪುಟದಲ್ಲಿ ಮನೆಯ 2.4ರ ವೈಫೈ ಆರಿಸಿ, ಪಾಸ್‌ವರ್ಡ್ ಕೊಟ್ಟು ಉಳಿಸಿದರೆ ಮುಗಿಯಿತು. ಅಂಕಿಗಳನ್ನು ಕಳಿಸುವ ಜಾಲತಾಣದ ಗುರುತು ಸಂಖ್ಯೆ ಮತ್ತು ಕೀಲಿ ಹಳೆಯವೇ ಉಳಿದಿವೆಯೇ, ಸಮಯ ವಲಯ ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ಎಂದೇ ಇದೆಯೇ ಎಂದು ಒಮ್ಮೆ ನೋಡಬೇಕು. ಗಡಿಯಾರ ತಪ್ಪಿದರೆ ರಾತ್ರಿಯ ಮಳೆ ಮರುದಿನದ ಖಾತೆಗೆ ಜಮೆಯಾಗುತ್ತದೆ.

ಇಷ್ಟೆಲ್ಲ ಓದಿ ಬೇಸತ್ತವರಿಗೆ ಸುಲಭದ ದಾರಿಯೊಂದಿದೆ, ನಾನು ಹೇಳಬೇಕೆಂದಿರುವುದೂ ಅದನ್ನೇ. ಹೊಸ ರೂಟರಿನ 2.4 ಪಟ್ಟಿಗೆ ಹಳೆಯ ವೈಫೈನ ಹೆಸರು ಮತ್ತು ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಇಟ್ಟರೆ, ಬೀಗದ ಬಗೆಯೂ ಹಿಂದಿನದೇ ಆಗಿದ್ದರೆ, ಯಂತ್ರವನ್ನು ಮುಟ್ಟಲೇಬೇಕಾಗಿಲ್ಲ. ಅದಕ್ಕೆ ರೂಟರ್ ಬದಲಾದದ್ದೇ ತಿಳಿಯುವುದಿಲ್ಲ, ತಾನಾಗಿ ಸೇರಿಕೊಳ್ಳುತ್ತದೆ. ಬಾಗಿಲ ಮುಂದಿನ ಕ್ಯಾಮೆರಾ, ತೋಟದ ಹನಿ ನೀರಾವರಿಯ ನಿಯಂತ್ರಕ, ವೈಫೈ ಮೂಲಕ ಓಡುವ ಪಂಪ್‌ಸೆಟ್ ಸ್ವಿಚ್, ಎಲ್ಲಕ್ಕೂ ಇದೇ ಮದ್ದು. ಅಳವಡಿಸುವವನಿಗೆ ಇದು ಒಂದು ಚಹಾದ ಹೊತ್ತಿನ ಕೆಲಸ.

ಆದರೆ ಅವನು ಕೇಳುವುದಿಲ್ಲ. ನಮ್ಮ ಮನೆಗೆ ಬಂದ ಹುಡುಗ ವಿನಯವಂತ, ಕೊರೆದ ಗೋಡೆಯ ಪುಡಿಯನ್ನು ತಾನೇ ಗುಡಿಸಿ ಹೋದ. ಮೊಬೈಲಿನಲ್ಲಿ ವೇಗದ ಮುಳ್ಳು ಏರಿದ್ದು ತೋರಿಸಿದ, ಸಹಿ ಪಡೆದ. ವೈಫೈಗೆ ಹಳೆಯ ಹೆಸರನ್ನೇ ಇಡಪ್ಪ ಎಂದಾಗ, ಹೆಸರು ಪೆಟ್ಟಿಗೆಯ ತಳದಲ್ಲಿ ಅಚ್ಚಾಗಿಯೇ ಬರುತ್ತದೆ, ಬದಲಿಸುವುದು ನಮ್ಮ ಕೆಲಸವಲ್ಲ ಎಂದ. ಹಾಗಾದರೆ ರೂಟರಿನ ಒಳಗೆ ಹೋಗುವ ಆಡಳಿತದ ಪಾಸ್‌ವರ್ಡ್ ಕೊಡು, ನಾನೇ ಬದಲಿಸುತ್ತೇನೆ ಎಂದೆ. ಅದನ್ನು ಗ್ರಾಹಕರಿಗೆ ಕೊಡುವಂತಿಲ್ಲ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಂಜೆಯೊಳಗೆ ಇಷ್ಟು ಮನೆ ಮುಗಿಸಬೇಕೆಂದು ಅವನಿಗೆ ಗುರಿ ಕೊಟ್ಟವರ ಮೇಲಿದೆ. ನನ್ನ ಗೋಡೆಯ ಮೇಲೆ, ನನ್ನ ವಿದ್ಯುತ್ತಿನಲ್ಲಿ ಓಡುವ ಪೆಟ್ಟಿಗೆಯ ಬೀಗದ ಕೈ ನನಗಿಲ್ಲ ಎಂದರೆ ಅದು ಯಾವ ಸೀಮೆಯ ವ್ಯವಹಾರ? ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡಕ್ಕೆ ಒಂದು ಒತ್ತಿ ಎನ್ನುವ ಧ್ವನಿ ಮಾತ್ರ ಕನ್ನಡದ್ದು. ಆಮೇಲೆ ಬಂದವರು ಹವಾಮಾನ ಯಂತ್ರವೆಂಬುದನ್ನು ಹವಾನಿಯಂತ್ರಕ ಎಂದು ಬರೆದುಕೊಂಡು ಏಸಿ ರಿಪೇರಿಯವರ ವಿಷಯ ಹೇಳತೊಡಗಿದರು. ಕೊನೆಗೆ ಪಟ್ಟು ಹಿಡಿದ ಮೇಲೆ ದೂರದಿಂದಲೇ 2.4ಕ್ಕೆ ಬೇರೆ ಹೆಸರು ಮಾಡಿಕೊಟ್ಟರು. ಆ ಕೆಲಸ ಮೊದಲ ದಿನವೇ ಆಗಬಹುದಿತ್ತಲ್ಲ?

ಅಷ್ಟರಲ್ಲಿ ಚಿತ್ತಾ ಮಳೆ ಬಂದುಹೋಯಿತು. ಕುರುಡು ಚಿತ್ತೆ ಎಂದು ನಮ್ಮ ಹಿರಿಯರು ಸುಮ್ಮನೆ ಕರೆಯಲಿಲ್ಲ, ಒಂದು ಹೊಲಕ್ಕೆ ಎರಚಿ ಪಕ್ಕದ್ದನ್ನು ಬಿಟ್ಟು ಹೋಗುವ ಮಳೆ ಅದು. ಆ ಸಂಜೆ ಮಿಲ್ಲಿನಲ್ಲಿ ನನ್ನ ಮೊಬೈಲ್ 0.0 ಎಂದು ತೋರಿಸುತ್ತಲೇ ಇತ್ತು. ಹಮಾಲರ ಮೇಸ್ತ್ರಿ ಮೊಬೈಲನ್ನು ನಂಬುವವನಲ್ಲ. ಗಾಳಿ ತಣ್ಣಗೆ ತಿರುಗಿದ್ದು ನೋಡಿ ಕೂಗು ಹಾಕಿದ, ತಾಡಪತ್ರಿ ಎಳೆದರು, ಮಾಲು ಉಳಿಯಿತು. ಆದರೆ ಮಾಳಿಗೆಯ ಮೇಲೆ ಬಿದ್ದ ಮಳೆ ಯಾವ ಖಾತೆಯಲ್ಲೂ ಇಲ್ಲ. ನನ್ನ ಮಾದರಿಯ ಯಂತ್ರ ಅಂಕಿಗಳನ್ನು ತನ್ನಲ್ಲಿ ಕೂಡಿಟ್ಟುಕೊಳ್ಳುವುದಿಲ್ಲ. ದಿನದ, ವಾರದ ಮೊತ್ತವನ್ನು ಪರದೆಯಲ್ಲಿ ತೋರಿಸುತ್ತದೆ. ಹೊತ್ತು ಹೊತ್ತಿನ ಅಂಕಿ ಹೊರಗೆ ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೆಮೊರಿ ಕಾರ್ಡ್ ಹಾಕಲು ಬರುವ ಮಾದರಿಗಳೂ ಇವೆ, ಕೊಳ್ಳುವವರು ಆ ಮಾದರಿಯನ್ನೇ ಕೇಳಿ ಕೊಳ್ಳುವುದು ಒಳ್ಳೆಯದು.

ಇಲ್ಲಿ ಒಂದು ಮಾತನ್ನು ಲೆಕ್ಕಿಗನಾಗಿ ಹೇಳಲೇಬೇಕು. ಕಿರ್ದಿಯಲ್ಲಿ ಸೊನ್ನೆ ಬರೆದ ಪುಟ ಬೇರೆ, ಬರೆಯದೆ ಬಿಟ್ಟ ಪುಟ ಬೇರೆ. ಮೊದಲನೆಯದಕ್ಕೆ ಅಂದು ವ್ಯಾಪಾರವಾಗಲಿಲ್ಲವೆಂದು ಅರ್ಥ. ಎರಡನೆಯದಕ್ಕೆ ಮುನೀಮ ಉತ್ತರ ಕೊಡಬೇಕು. ಹವಾಮಾನ ಯಂತ್ರದ ಆ್ಯಪ್‌ಗೆ ಈ ಭೇದ ಕಾಣುವುದಿಲ್ಲ. ಕೊಂಡಿ ಕಡಿದಾಗ ಕೊನೆಯ ಅಂಕಿಯನ್ನೇ ಹಿಡಿದುಕೊಂಡು ಕುಳಿತಿರುತ್ತದೆ, ತಿಂಗಳ ಮೊತ್ತದಲ್ಲಿ ಆ ದಿನಗಳೆಲ್ಲ ಸೊನ್ನೆಯಾಗಿ ಸೇರಿಹೋಗುತ್ತವೆ. ಕೊನೆಯ ಬಾರಿ ಅಂಕಿ ಬಂದ ಹೊತ್ತನ್ನು ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತಾರೆ. ಮಲೆನಾಡಿನಲ್ಲಿ ಹೀಗಾದರೆ ಮಳೆಗಾಲದ ಒಂದೇ ದಿನದಲ್ಲಿ ಗೊತ್ತಾಗುತ್ತದೆ, ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಸೊನ್ನೆ ಕಂಡರೆ ಯಾರಾದರೂ ನಂಬುತ್ತಾರೆಯೇ? ರಾಯಚೂರಿನಲ್ಲಿ ನಂಬುತ್ತಾರೆ. ಇಲ್ಲಿ ತಿಂಗಳುಗಟ್ಟಲೆ ಸೊನ್ನೆಯೇ ನಿಜ. ಡಿಸೆಂಬರಿನಲ್ಲಿ ರೂಟರ್ ಬದಲಾದರೆ ರೋಹಿಣಿ ಮಳೆ ಬರುವವರೆಗೂ ಕೊಂಡಿ ಕಡಿದದ್ದು ಯಾರಿಗೂ ತಿಳಿಯದೆ ಇರಬಹುದು. ಬರಗಾಲದ ಸೀಮೆಯಲ್ಲಿ ಕೆಟ್ಟ ಸಂಪರ್ಕವೂ ಬರಗಾಲದ ವೇಷದಲ್ಲಿಯೇ ಕುಳಿತಿರುತ್ತದೆ.

ಸರ್ಕಾರದ ಮಳೆಮಾಪಕಗಳಿವೆಯಲ್ಲ, ನಿಮ್ಮ ಮಾಳಿಗೆಯ ಲೆಕ್ಕ ಯಾರಿಗೆ ಬೇಕು ಎಂದು ನಮ್ಮ ಮಿಲ್ಲಿನಲ್ಲಿಯೇ ಕೇಳುವವರಿದ್ದಾರೆ. ಮಾಪಕಗಳಿವೆ, ಚೆನ್ನಾಗಿಯೂ ಇವೆ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಿಂದ ಮಂಗಳವಾರ, ಶುಕ್ರವಾರ ರೈತರಿಗೆ ಹವಾಮಾನ ಸಲಹೆ ಬರುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಗೆ ಅಧಿಸೂಚಿತ ಕೇಂದ್ರಗಳ ಅಳತೆಯೇ ನಡೆಯುತ್ತದೆ, ನನ್ನ ಮಾಳಿಗೆಯದ್ದು ನಡೆಯುವುದಿಲ್ಲ, ನಡೆಯಬೇಕೆಂದು ನಾನು ಕೇಳುತ್ತಲೂ ಇಲ್ಲ. ಆದರೆ ಒಂದು ಪಂಚಾಯಿತಿಯೊಳಗೇ ಒಂದು ಹಳ್ಳಿಯ ಹಳ್ಳ ಹರಿದು ಇನ್ನೊಂದರ ಕೆರೆ ಒಣಗಿರುವ ನಾಡು ನಮ್ಮದು. ಹಿಂಗಾರಿ ಜೋಳ ಬಿತ್ತುವವನಿಗೆ ಬೇಕಾದದ್ದು ತನ್ನ ಹೊಲದ ಹಸಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ನಾಲ್ಕು ಸಾವಿರ ಲೀಟರಿಗೂ ಮೀರಿದ ನೀರು. ಎರೆ ಹೊಲದಲ್ಲಿ ಹತ್ತು ಮಿಲಿಮೀಟರ್ ಹೆಚ್ಚು ಕಡಿಮೆ ಆದರೆ ಬಿತ್ತನೆಯ ದಿನವೇ ಬೇರೆಯಾಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಆ ಮಹಾಮಳೆಯಲ್ಲಿ, ನದಿಯಾಚೆಯ ಮಂತ್ರಾಲಯ ಮುಳುಗಿದ ದಿನಗಳಲ್ಲಿ, ನಮ್ಮ ಓಣಿಯಲ್ಲಿ ಎಷ್ಟು ಮಳೆಯಾಯಿತೆಂದು ಇಂದಿಗೂ ಪ್ರತಿಯೊಬ್ಬರೂ ಒಂದೊಂದು ಲೆಕ್ಕ ಹೇಳುತ್ತಾರೆ. ಒಬ್ಬರ ಮನೆಯಲ್ಲಾದರೂ ಅಳೆಯುವ ಡಬ್ಬಿ ಇದ್ದಿದ್ದರೆ ಒಂದೇ ಲೆಕ್ಕ ಇರುತ್ತಿತ್ತು.

ಅಂದಹಾಗೆ, ಯಂತ್ರ ಎಷ್ಟೇ ಚುರುಕಾಗಿದ್ದರೂ ಪಕ್ಕದಲ್ಲೊಂದು ಸಾದಾ ಮಳೆಮಾಪಕ ಇಡುವುದು ಲೇಸು. ಅದಕ್ಕೆ ರೂಟರ್ ಬೇಡ. ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದಿಟ್ಟರಾಯಿತು. ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಗೆ. ಮನೆಯ ಯಂತ್ರಗಳ ದಿನ ಸಾಮಾನ್ಯವಾಗಿ ಮಧ್ಯರಾತ್ರಿಗೆ ಮುಗಿಯುತ್ತದೆ. ಪತ್ರಿಕೆಯಲ್ಲಿ ಬಂದ ಅಂಕಿಗೂ ತಮ್ಮ ಮೊಬೈಲಿನ ಅಂಕಿಗೂ ತಾಳೆಯಾಗುವುದಿಲ್ಲವೆಂದು ದೂರುವವರು ಮೊದಲು ಈ ಗಡಿಯಾರದ ವ್ಯತ್ಯಾಸವನ್ನು ಕಳೆಯಲಿ.

ಇಂಟರ್ನೆಟ್ ಮಾರುವ ಎಲ್ಲರಲ್ಲೂ, ಸರ್ಕಾರಿ ಇರಲಿ ಖಾಸಗಿ ಇರಲಿ, ನನ್ನ ಬೇಡಿಕೆ ದುಬಾರಿಯದ್ದಲ್ಲ. ಹೊಸ ರೂಟರ್ ಹಾಕುವಾಗ ಮನೆಯವರನ್ನು ಒಂದು ಮಾತು ಕೇಳಿ: ಮೊಬೈಲ್ ಬಿಟ್ಟು ವೈಫೈಗೆ ಇನ್ನೇನು ಜೋಡಿಸಿದ್ದೀರಿ? ಏನಾದರೂ ಇದ್ದರೆ 2.4ಕ್ಕೆ ಹಳೆಯ ಹೆಸರನ್ನೇ ಉಳಿಸಿ, ಅದು ಸೇರಿಕೊಂಡದ್ದನ್ನು ನೋಡಿದ ಮೇಲೆ ಸಹಿ ಪಡೆಯಿರಿ. ಆಡಳಿತದ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಾದರೂ ಗ್ರಾಹಕನ ಕೈಗೆ ಕೊಡಿ. ಮಾರಾಟದ ಕರಪತ್ರವನ್ನು ಬಣ್ಣ ಬಣ್ಣದ ಕನ್ನಡದಲ್ಲಿ ಅಚ್ಚು ಹಾಕಿಸಬಲ್ಲವರಿಗೆ ಇದೆಲ್ಲವನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸುವುದು ಭಾರವಾಗದು. ದೂರಸಂಪರ್ಕ ಪ್ರಾಧಿಕಾರ ವೇಗವನ್ನು ಅಳೆಯುತ್ತದೆ, ದೂರು ಎಷ್ಟು ಬೇಗ ಬಗೆಹರಿಯಿತೆಂದು ನೋಡುತ್ತದೆ. ಗ್ರಾಹಕನ ಮನೆಯಲ್ಲಿ ಮೊದಲಿದ್ದ ಸಾಧನಗಳು ಬದಲಾವಣೆಯ ನಂತರವೂ ನಡೆಯುತ್ತಿವೆಯೇ ಎಂಬುದನ್ನೂ ಗುಣಮಟ್ಟದ ಲೆಕ್ಕಕ್ಕೆ ಸೇರಿಸಲಿ.

ನಿಮ್ಮಲ್ಲಿಯೂ ಒಂದು ಕೋರಿಕೆ, ಸಂಪಾದಕರೇ. ಮಳೆಗಾಲದಲ್ಲಿ ಜಿಲ್ಲಾ ಪುಟದಲ್ಲಿ ಊರೂರಿನ ಮಳೆಯ ಪಟ್ಟಿ ಹಾಕುವಾಗ ಅಳತೆ ಬಾರದ ಊರಿನ ಮುಂದೆ 0.0 ಎಂದು ಅಚ್ಚು ಮಾಡಬೇಡಿ. ಒಂದು ಗೆರೆ ಎಳೆದು, ಅಳತೆ ಬಂದಿಲ್ಲ ಎಂದು ಅಡಿಯಲ್ಲಿ ಬರೆಯಿರಿ. ಪಟ್ಟಿ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗಿನದು ಎಂಬುದನ್ನೂ ಅಲ್ಲಿಯೇ ಸೇರಿಸಿದರೆ ಇನ್ನೂ ಉಪಕಾರ. ಅದಕ್ಕೆ ಬೇಕಾಗುವುದು ಅರ್ಧ ಸಾಲಿನ ಜಾಗ.

ಇತಿ,
ಜಿನ್ನಿಂಗ್ ಮಿಲ್ಲೊಂದರ ಮುನೀಮ,
ರಾಯಚೂರು